ಓದಿನ ಸಾಲದ ತೀರುವಳಿ

ಹಣ ಕೊಟ್ಟಲ್ಲದೆ ತೀರದ ಸಾಲವಿಲ್ಲವೆಂದು ನಮ್ಮ ಹಿರಿಯರು ತಿಳಿದಿರಲಿಲ್ಲ. ದೇವಋಣ, ಪಿತೃಋಣ, ಋಷಿಋಣಗಳೆಂದು ಮೂರನ್ನು ಎಣಿಸಿ, ಋಷಿಋಣವನ್ನು ಅಧ್ಯಯನದಿಂದ ತೀರಿಸಬೇಕೆಂದರು. ಸ್ವತಂತ್ರ ಭಾರತದ ಸರ್ಕಾರವೂ ಒಮ್ಮೆ ಹೆಚ್ಚುಕಡಿಮೆ ಇದೇ ಮಾತನ್ನು ನಿಯಮಾವಳಿಯ ಭಾಷೆಯಲ್ಲಿ ಹೇಳಿತ್ತೆಂದರೆ ಇಂದಿನ ತರುಣರು ನಂಬಲಾರರು.

1963ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಯೋಜನೆಯನ್ನು ಆರಂಭಿಸಿತು. ವೇತನವೂ ಹೌದು, ಸಾಲವೂ ಹೌದು; ಹೆಸರೇ ಒಂದು ವಿನೋದ! ಬುದ್ಧಿವಂತರಾದ ಬಡ ವಿದ್ಯಾರ್ಥಿಗಳಿಗೆ ಬಡ್ಡಿಯಿಲ್ಲದ ಹಣ. ದುಡಿಯತೊಡಗಿದ ಮೇಲೆ ಕಂತುಗಳಲ್ಲಿ ಹಿಂದಿರುಗಿಸಬೇಕು. ಅದರಲ್ಲೊಂದು ಷರತ್ತು ಮಾತ್ರ ಬಹು ಸೊಗಸಾಗಿತ್ತು. ಸಾಲ ಪಡೆದವನು ಉಪಾಧ್ಯಾಯನಾದರೆ, ಅವನ ಸೇವೆಯ ಒಂದೊಂದು ವರ್ಷಕ್ಕೂ ಸಾಲದ ಹತ್ತನೆಯ ಒಂದು ಪಾಲು ಮನ್ನಾ. ಹತ್ತು ವರ್ಷ ಪಾಠ ಹೇಳಿದವನು ಋಣಮುಕ್ತ. 1957ರಲ್ಲಿ ರಷ್ಯದ ಸ್ಪುಟ್ನಿಕ್ ಆಕಾಶಕ್ಕೇರಿದ್ದನ್ನು ಕಂಡು ಗಾಬರಿಗೊಂಡ ಅಮೆರಿಕವೂ 1958ರ ಕಾನೂನಿನಲ್ಲಿ ಶಾಲಾ ಉಪಾಧ್ಯಾಯರಿಗೆ ವರ್ಷಕ್ಕೆ ನೂರಕ್ಕೆ 10ರಂತೆ ಸಾಲ ಬಿಟ್ಟುಕೊಟ್ಟಿತ್ತು. ಆದರೆ ಅದು ಅರ್ಧಕ್ಕೆ ನಿಂತಿತು, ನಮ್ಮದು ಪೂರ್ತಿ.

ನನ್ನೊಡನೆ ಪಾಠ ಹೇಳುತ್ತಿದ್ದ ಮಿತ್ರರೊಬ್ಬರು ವರ್ಷವರ್ಷವೂ ಮುಖ್ಯೋಪಾಧ್ಯಾಯರ ರುಜು ಹಾಕಿಸಿದ ಸೇವಾಪತ್ರವನ್ನು ಕಳುಹಿಸಿ, ಇನ್ನೆಷ್ಟು ಪಾಲು ಉಳಿಯಿತೆಂದು ಬೆರಳೆಣಿಸುತ್ತಿದ್ದರು. ಅವರ ಅರ್ಜಿ ತಮ್ಮ ದುಡಿಮೆಯನ್ನು ಹೇಳುತ್ತಿತ್ತು, ಬಡತನವನ್ನಲ್ಲ.

ಆ ಯೋಜನೆ ಈಗಿಲ್ಲ. 2001ರಲ್ಲಿ ಬ್ಯಾಂಕುಗಳ ಸಂಘ ಮಾದರಿ ವಿದ್ಯಾಸಾಲವನ್ನು ರೂಪಿಸಿತು. ಓದಿನ ಸಾಲ ಬ್ಯಾಂಕಿನ ವ್ಯವಹಾರವಾಯಿತು. 2009ರಲ್ಲಿ, ವರ್ಷಕ್ಕೆ 4.5 ಲಕ್ಷ ರೂಪಾಯಿವರೆಗೆ ವರಮಾನವಿರುವ ಮನೆಗಳ ಮಕ್ಕಳಿಗೆ, ಓದುವ ಕಾಲದ ಮತ್ತು ಅದರ ಬೆನ್ನಿಗೆ ಸಿಗುವ ಬಿಡುವಿನ ಬಡ್ಡಿಯನ್ನು ಕೇಂದ್ರ ಭರಿಸತೊಡಗಿತು. ಆ ಹಣ ಹಂಚುವ ಹೊಣೆ ನಮ್ಮ ಬೆಂಗಳೂರಿನ ಕೆನರಾ ಬ್ಯಾಂಕಿಗೆ ಬಂತು. ಅದಕ್ಕೂ ಮುಂಚೆ ಸಾಲ ಮಾಡಿದವರ ಗತಿಯೇನು? 2014ರ ಫೆಬ್ರವರಿಯ ಮಧ್ಯಂತರ ಮುಂಗಡಪತ್ರದಲ್ಲಿ ಚಿದಂಬರಂ ಅವರು, 2009ರ ಮಾರ್ಚ್ 31ರೊಳಗಿನ ಸಾಲಗಳ ಮೇಲೆ 2013ರ ಕೊನೆಗೆ ನಿಂತಿದ್ದ ಬಡ್ಡಿಯನ್ನು ಸರ್ಕಾರವೇ ಹೊರುವುದೆಂದರು. ಸುಮಾರು 9 ಲಕ್ಷ ಜನರಿಗೆ 2,600 ಕೋಟಿ ರೂಪಾಯಿಯ ಉಪಕಾರವೆಂಬುದು ಅವರ ಅಂದಾಜು. ಈ ಯಾವುದರಲ್ಲೂ ಅಸಲಿನ ಒಂದು ರೂಪಾಯಿಯೂ ಇಳಿಯದು.

ಪೀಣ್ಯದ ಕಾರ್ಖಾನೆಗಳ ಮಗ್ಗುಲಲ್ಲಿರುವ ನಮ್ಮ ಬೀದಿಯಲ್ಲಿ ಯಂತ್ರ ತಿರುಗಿಸಿದವರ ಮಕ್ಕಳು ಇಂಜಿನಿಯರುಗಳಾಗಿದ್ದಾರೆ. ಅವರ ಅರ್ಜಿ ತುಂಬಿಕೊಡುವ ಕೆಲಸ, ನಿವೃತ್ತ ಮೇಷ್ಟ್ರೆಂಬ ಕಾರಣಕ್ಕೆ, ನನ್ನ ಪಾಲಿಗೆ ಬಂದಿದೆ. ಮೊದಲು ಬೇಕಾದದ್ದು ನಾಡಕಚೇರಿಯ ವರಮಾನ ಪ್ರಮಾಣಪತ್ರ. ಅಪ್ಪನಿಗೆ ಹೆಚ್ಚುವರಿ ಪಾಳಿ ಸಿಕ್ಕಿ ಗಳಿಕೆ ಮಿತಿಯಿಂದ ತುಸು ಮೇಲೇರಿದರೆ ಬಡ್ಡಿಯ ನೆರವು ಹೋಯಿತೆಂದೇ ಲೆಕ್ಕ; ಮಗಳು ಊರಿಗೆ ಏನು ಮಾಡಿಕೊಡುವಳೆಂದು ಕೇಳುವ ಕಲಮು ಆ ಹಾಳೆಯಲ್ಲಿ ಎಲ್ಲೂ ಇಲ್ಲ.

ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುವ ಪಕ್ಕದ ಮನೆಯ ಹುಡುಗಿಯೊಬ್ಬಳಿಗೆ ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತ ಹೇಳುವ ಆಸೆ. ಬ್ಯಾಂಕಿನ ಕಂತು ಬಿಡುತ್ತಿಲ್ಲ. 1963ರ ಆ ಷರತ್ತನ್ನು ಅವಳಿಗೆ ವಿವರಿಸಿದೆ. ಗಮನವಿಟ್ಟು ಕೇಳಿ, "ಅದಕ್ಕೆ ಅರ್ಜಿ ಎಲ್ಲಿ ಕೊಡಬೇಕು, ಮೇಷ್ಟ್ರೇ?" ಎಂದಳು.