ಶಿರೂರು ಮಠದಿಂದ ಶಾಲೆಯ ಬಾಗಿಲಿಗೆ

ಮುಂಬಯಿಯಿಂದ ಕರಾವಳಿಯ ಕನ್ನಡನಾಡಿಗೆ ಸಾಗುವ ರೈಲುಮಾರ್ಗವು ದಿವಾ ಜಂಕ್ಷನ್ನಿನಲ್ಲಿ ಕವಲೊಡೆದು ಪನವೇಲಿನತ್ತ ಹೊರಳುತ್ತದೆ. ಅಲ್ಲಿಂದ ಒಂದು ದಿಕ್ಕಿಗೆ ಕುರ್ಲಾ, ಮತ್ತೊಂದು ದಿಕ್ಕಿಗೆ ಉಡುಪಿ. ವಿದ್ಯಾರ್ಥಿಗಳು ಮತಚಿಹ್ನೆಗಳನ್ನು ಧರಿಸಿ ಶಾಲೆಗೆ ಬರಬಹುದೇ ಎಂಬ ಪ್ರಶ್ನೆಯು ಈ ಎರಡು ಊರುಗಳಿಂದಲೂ ನ್ಯಾಯಾಲಯದ ಮೆಟ್ಟಿಲೇರಿದೆ. 2002ರಲ್ಲಿ ಕುರ್ಲಾದ ವಿದ್ಯಾರ್ಥಿನಿಯ ಅಹವಾಲನ್ನೂ, 2022ರಲ್ಲಿ ಉಡುಪಿಯ ವಿದ್ಯಾರ್ಥಿನಿಯರ ಅಹವಾಲನ್ನೂ ತೂಗಿದ ತಕ್ಕಡಿ ಒಂದೇ: ತಲೆವಸ್ತ್ರವು ಅವರ ಧರ್ಮದ ಅತ್ಯಾವಶ್ಯಕ ಅಂಗವೇ, ಅಲ್ಲವೇ? ಈ ತಕ್ಕಡಿಯು ರೂಪುಗೊಂಡದ್ದು ಉಡುಪಿಯದೇ ಆದ ಒಂದು ಮಠದ ವ್ಯಾಜ್ಯದಲ್ಲಿ ಎಂಬುದು ಸ್ಮರಣೀಯ.

ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠವು ಆಗ ಮದರಾಸು ರಾಜ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಿತು. ಮದರಾಸು ಸರ್ಕಾರದ 1951ರ ಧರ್ಮಾದಾಯ ಕಾಯಿದೆಯು ಮಠದ ಆಡಳಿತದಲ್ಲಿ ಅಧಿಕಾರಿಗಳಿಗೆ ವಿಶೇಷ ಅಧಿಕಾರವನ್ನು ನೀಡಿತು. ಇದನ್ನು ಮಠಾಧಿಪತಿಗಳಾದ ಶ್ರೀ ಲಕ್ಷ್ಮೀಂದ್ರತೀರ್ಥರು ಪ್ರಶ್ನಿಸಿದರು. ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಾಧೀಶರ ಪೀಠವು 1954ರಲ್ಲಿ ಕಾಯಿದೆಯ ಕೆಲವು ಕಲಮುಗಳನ್ನು ಎತ್ತಿಹಿಡಿದು, ಕೆಲವನ್ನು ರದ್ದುಪಡಿಸಿತು. ತೀರ್ಪನ್ನು ಬರೆದ ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯವರು, ಒಂದು ಧರ್ಮದ ಅತ್ಯಾವಶ್ಯಕ ಅಂಗ ಯಾವುದೆಂಬುದನ್ನು ಪ್ರಧಾನವಾಗಿ ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕೆಂದರು. ಪೂಜೆ, ನೈವೇದ್ಯ, ಆಚಾರಗಳ ಒಳಗೆ ಸರ್ಕಾರವು ಕೈಹಾಕಬಾರದೆಂಬುದು ಇದರ ಆಶಯ. ಎಂದರೆ ಈ ಮಾತು ಮೊದಲು ಹುಟ್ಟಿದ್ದು ಭಕ್ತನ ರಕ್ಷಣೆಗಾಗಿ.

ಏಳು ವರ್ಷಗಳಲ್ಲಿ ಇದರ ದಿಕ್ಕು ಬದಲಾಯಿತು. ಅಜ್ಮೀರದ ದರ್ಗಾಕ್ಕೆ ಸಂಬಂಧಿಸಿದ 1961ರ ತೀರ್ಪಿನಲ್ಲಿ ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡಕರರು, ಮೂಢನಂಬಿಕೆಯಿಂದ ಬೆಳೆದು ಬಂದ ಆಚರಣೆಗಳು ಧರ್ಮಕ್ಕೆ ಹೊರಗಿನವಾಗಿರಬಹುದು, ಅಂತಹವನ್ನು ಜಾಗರೂಕತೆಯಿಂದ ಪರಿಶೀಲಿಸಬೇಕು ಎಂದರು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದು, ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ ಗಜೇಂದ್ರಗಡಕರರ ಉದ್ದೇಶವು ಸುಧಾರಣೆಯೇ ಆಗಿದ್ದಿತು. ಆದರೆ ಇದರ ಫಲವಾಗಿ, ಧರ್ಮದಲ್ಲಿ ಯಾವುದು ಸಾರ, ಯಾವುದು ಸಿಪ್ಪೆ ಎಂದು ಬಿಡಿಸಿ ಹೇಳುವ ಹೊಣೆಯು ನ್ಯಾಯಾಧೀಶರ ಮೇಲೆ ಬಿದ್ದಿತು.

ಶಾಲೆಯ ವಿಷಯದಲ್ಲಿ ನ್ಯಾಯಾಲಯವು ಬೇರೊಂದು ದಾರಿಯನ್ನೂ ಒಮ್ಮೆ ಹಿಡಿದಿದ್ದುಂಟು. ಕೇರಳದಲ್ಲಿ ಯೆಹೋವನ ಸಾಕ್ಷಿಗಳೆಂಬ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಯ ಸಮಯದಲ್ಲಿ ಗೌರವದಿಂದ ಎದ್ದುನಿಂತರೂ ಹಾಡುತ್ತಿರಲಿಲ್ಲ; ಅದಕ್ಕಾಗಿ 1985ರಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರಿದ್ದ ಪೀಠವು 1986ರಲ್ಲಿ ಅವರನ್ನು ಮರಳಿ ಸೇರಿಸಿಕೊಳ್ಳುವಂತೆ ಆಜ್ಞಾಪಿಸಿತು. ಅವರ ನಂಬಿಕೆಯು ಯುಕ್ತವೇ ಎಂದು ಪೀಠವು ಕೇಳಲಿಲ್ಲ, ಪ್ರಾಮಾಣಿಕವೇ ಎಂದಷ್ಟೇ ನೋಡಿತು.

ಕುರ್ಲಾದ ಪ್ರಕರಣದಲ್ಲಿ ಈ ಉದಾರ ದೃಷ್ಟಿ ಮುಂದುವರಿಯಲಿಲ್ಲ. ಹುಡುಗಿಯರು ಮಾತ್ರವೇ ಓದುವ ವಿಭಾಗದಲ್ಲಿ ತಲೆವಸ್ತ್ರವಿಲ್ಲದೆ ಕುಳಿತರೆ ಕುರಾನಿನ ವಿಧಿಗೆ ಭಂಗವಿಲ್ಲವೆಂದು ಮುಂಬಯಿ ಉಚ್ಚ ನ್ಯಾಯಾಲಯವು ನಿರ್ಣಯಿಸಿತು. ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ 2021ರ ಕೊನೆಗೆ ತಲೆದೋರಿದ ವಿವಾದವು ಬೇರೆ ಊರುಗಳಿಗೂ ಹಬ್ಬಿತು. ತಲೆವಸ್ತ್ರಕ್ಕೆ ಎದುರಾಗಿ ಕೇಸರಿ ಶಾಲುಗಳೂ ಕಾಣಿಸಿಕೊಂಡವು. 2022ರ ಫೆಬ್ರವರಿ 5ರಂದು ಕರ್ನಾಟಕ ಸರ್ಕಾರವು ಸಮವಸ್ತ್ರದ ಆದೇಶವನ್ನು ಹೊರಡಿಸಿತು. ಮಾರ್ಚಿ 15ರಂದು ಕರ್ನಾಟಕ ಉಚ್ಚ ನ್ಯಾಯಾಲಯದ ಪೂರ್ಣಪೀಠವು ತಲೆವಸ್ತ್ರವು ಇಸ್ಲಾಮಿನ ಅತ್ಯಾವಶ್ಯಕ ಆಚರಣೆಯಲ್ಲವೆಂದೂ, ಸಮವಸ್ತ್ರವು ಯುಕ್ತವಾದ ನಿರ್ಬಂಧವೆಂದೂ ತೀರ್ಪಿತ್ತಿತು.

ಸಮವಸ್ತ್ರದ ಪರವಾದ ವಾದವನ್ನು ಹಗುರವಾಗಿ ಕಾಣಲಾಗದು. ಉಳ್ಳವರ ಮಗುವೂ ಇಲ್ಲದವರ ಮಗುವೂ ಒಂದೇ ಬೆಂಚಿನಲ್ಲಿ ಭೇದವಿಲ್ಲದೆ ಕೂಡುವಂತೆ ಮಾಡುವುದು ಶಾಲೆಯ ಶ್ರೇಷ್ಠ ಸಾಧನೆಗಳಲ್ಲೊಂದು. ಸರ್ವೋಚ್ಚ ನ್ಯಾಯಾಲಯದಲ್ಲಿ 2022ರ ಅಕ್ಟೋಬರ್ 13ರಂದು ನ್ಯಾಯಮೂರ್ತಿ ಹೇಮಂತ ಗುಪ್ತರು ಸಮವಸ್ತ್ರದ ಈ ಸಮಾನತೆಯನ್ನು ಎತ್ತಿಹಿಡಿದರು. ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಅವರಾದರೋ ಅತ್ಯಾವಶ್ಯಕತೆಯ ಪ್ರಶ್ನೆಯೇ ಇಲ್ಲಿ ಅನಗತ್ಯವೆಂದು ಭಾವಿಸಿ, 1986ರ ತೀರ್ಪಿನತ್ತ ತಿರುಗಿ, ಹೆಣ್ಣುಮಗುವಿನ ವಿದ್ಯಾಭ್ಯಾಸವನ್ನು ಮುಂದಿಟ್ಟರು. ಇಬ್ಬರೂ ಭಿನ್ನಾಭಿಪ್ರಾಯ ತಳೆದುದರಿಂದ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲಾಯಿತು.

ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ತಮಿಳು ಮೂಲದ ಹುಡುಗಿಯೊಬ್ಬಳ ಮೂಗುತಿಗೆ ಶಾಲೆಯು ಅಡ್ಡಿಪಡಿಸಿದಾಗ, ಅಲ್ಲಿಯ ಸಂವಿಧಾನ ನ್ಯಾಯಾಲಯವು 2007ರಲ್ಲಿ ಅವಳ ಪರವಾಗಿ ನಿಂತಿತು. ಮೂಗುತಿಯು ಕಡ್ಡಾಯವಲ್ಲ, ಸ್ವೇಚ್ಛೆಯದು ಎಂಬುದು ಅದನ್ನು ನಿರಾಕರಿಸಲು ಕಾರಣವಾಗಲಿಲ್ಲ. ಆದರೆ ತೀರ್ಪು ಬರುವ ವೇಳೆಗೆ ಅವಳು ಶಾಲೆಯನ್ನು ಮುಗಿಸಿಯಾಗಿತ್ತು. ನ್ಯಾಯಾಲಯದ ಕಾಲಮಾನ ಬೇರೆ, ಮಗುವಿನ ಕಾಲಮಾನ ಬೇರೆ. ನಮ್ಮ ಪದವಿಪೂರ್ವ ವ್ಯಾಸಂಗದ ಅವಧಿಯೂ ಎರಡೇ ವರ್ಷ.

ಕುರ್ಲಾಕ್ಕೆ ಸಮೀಪದ ಚೆಂಬೂರಿನ ಕಾಲೇಜೊಂದು ಹಿಜಾಬು, ಬುರ್ಖಾ, ಟೋಪಿ, ಬಿಲ್ಲೆಗಳನ್ನು ನಿಷೇಧಿಸಿದಾಗ ಮುಂಬಯಿ ಉಚ್ಚ ನ್ಯಾಯಾಲಯವು 2024ರ ಜೂನಿನಲ್ಲಿ ಅದನ್ನು ಒಪ್ಪಿತು. ಆಗಸ್ಟ್ 9ರಂದು ಸರ್ವೋಚ್ಚ ನ್ಯಾಯಾಲಯವು ತರಗತಿಯ ಬುರ್ಖಾವನ್ನು ಬಿಟ್ಟು ಉಳಿದುದಕ್ಕೆ ತಡೆಯಾಜ್ಞೆ ನೀಡುತ್ತ, ಹಣೆಯ ತಿಲಕವನ್ನೂ ನಿಷೇಧಿಸುವಿರಾ ಎಂದು ವಿಚಾರಿಸಿತು. ಮರುವರ್ಷದ ಏಪ್ರಿಲ್‌ನಲ್ಲಿ ಆ ಪ್ರಶ್ನೆಯು ಬೇರೊಂದು ರೂಪದಲ್ಲಿ ಎದುರಾಯಿತು. ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ, ಜನಿವಾರವನ್ನು ತೆಗೆಯಲೊಪ್ಪದ ವಿದ್ಯಾರ್ಥಿಯೊಬ್ಬನು ಬೀದರಿನಲ್ಲಿ ಗಣಿತದ ಪರೀಕ್ಷೆಯಿಂದ ವಂಚಿತನಾದನು. ಸಂಬಂಧಪಟ್ಟ ಸಿಬ್ಬಂದಿಯು ಅಮಾನತಾಯಿತು. ಜನಿವಾರವು ಧರ್ಮದ ಅತ್ಯಾವಶ್ಯಕ ಅಂಗವೆಂಬುದನ್ನು ಮೊದಲು ಸಿದ್ಧಪಡಿಸು ಎಂದು ಆ ಹುಡುಗನನ್ನು ಕೇಳಿದವರು ವಿರಳ. ಅವನ ಪರೀಕ್ಷೆ ತಪ್ಪಿತಲ್ಲ ಎಂದೇ ಎಲ್ಲರೂ ಮರುಗಿದರು. ಆ ಮರುಕವು ಸಹಜವಾದದ್ದು, ಯೋಗ್ಯವಾದದ್ದು. ಉಡುಪಿಯ ಹೆಣ್ಣುಮಕ್ಕಳ ವಿಷಯದಲ್ಲಿಯೂ ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಅದೇ.

ಅಧಿಕಾರಿಯನ್ನು ಮಠದ ಹೊಸ್ತಿಲ ಹೊರಗೆ ನಿಲ್ಲಿಸುವುದಕ್ಕಾಗಿ 1954ರಲ್ಲಿ ಹುಟ್ಟಿದ ನಿಯಮವು ಮಗುವನ್ನು ಶಾಲೆಯ ಹೊಸ್ತಿಲ ಹೊರಗೆ ನಿಲ್ಲಿಸುವಷ್ಟು ದೂರ ನಡೆದು ಬಂದಿದೆ. ಇಷ್ಟು ದೂರ ಬಂದ ಮೇಲೆ ಅದನ್ನು ಶಾಲೆಗೆ ಅನ್ವಯಿಸುವುದು ಉಚಿತವೇ ಎಂದು ವಿಚಾರಿಸುವುದು ಅವಶ್ಯ. ಚಿಹ್ನೆಯು ಪಾಠಕ್ಕಾಗಲಿ, ಸಹಪಾಠಿಗಳಿಗಾಗಲಿ ತೊಂದರೆ ಉಂಟುಮಾಡುತ್ತದೆಯೇ ಎಂಬುದನ್ನು ಶಾಲೆಯ ಉಪಾಧ್ಯಾಯರು ಬಲ್ಲರು; ಅದು ಧರ್ಮದ ಸಾರವೇ ಎಂಬುದನ್ನು ನಿರ್ಣಯಿಸುವ ಕೆಲಸ ಅವರದಲ್ಲ.