ಮೂರರಿಂದ ಒಂದಕ್ಕೆ: ಮೌಂಟನ್ ಬೈಕಿನ ಚೈನ್‌ರಿಂಗಿನ ಚರಿತ್ರೆ

ಸೈಕಲ್ಲಿನ ಪೆಡಲುಗಳನ್ನು ಹೊತ್ತ ಕ್ರ್ಯಾಂಕಿನೊಡನೆ ತಿರುಗುತ್ತ ಚೈನನ್ನು ಎಳೆಯುವ ಹಲ್ಲುಚಕ್ರಕ್ಕೆ ಚೈನ್‌ರಿಂಗ್ ಎಂದು ಹೆಸರು. ಕರ್ನಾಟಕದ ಊರೂರುಗಳಲ್ಲಿ ತಲೆಮಾರುಗಳಿಂದ ಓಡಿದ ಕಪ್ಪು ಬಣ್ಣದ ಸಾದಾ ಸೈಕಲ್ಲಿನಲ್ಲಿ ಇದು ಒಂದೇ ಇರುತ್ತದೆ, ಹಿಂದಿನ ಚಕ್ರದ ಫ್ರೀವೀಲಿನಲ್ಲಿಯೂ ಹಲ್ಲುಗಳ ಸಾಲು ಒಂದೇ. ಗುಡ್ಡಗಾಡಿನ ಹಾದಿಗಾಗಿ ರೂಪುಗೊಂಡ ಮೌಂಟನ್ ಬೈಕಿನಲ್ಲಿ 1980ರ ದಶಕದ ಆರಂಭದಿಂದ ಸುಮಾರು ಮೂವತ್ತು ವರ್ಷ ಮೂರು ಚೈನ್‌ರಿಂಗುಗಳಿರುವುದೇ ವಾಡಿಕೆಯಾಗಿತ್ತು. ಇಂದು ಆ ವರ್ಗದ ಉತ್ತಮ ದರ್ಜೆಯ ಸೈಕಲ್ಲುಗಳಲ್ಲಿ ಮತ್ತೆ ಒಂದೇ ಉಳಿದಿದೆ. ಮೇಲ್ನೋಟಕ್ಕೆ ಇದು ಹಳೆಯ ಸರಳತೆಗೆ ಮರಳಿದಂತೆ ಕಂಡರೂ, ಮುಂಭಾಗದಿಂದ ತೆಗೆದ ಜಟಿಲತೆಯೆಲ್ಲವೂ ಹಿಂದಿನ ಚಕ್ರದ ಕಡೆಗೆ ಸರಿದಿರುವುದನ್ನೂ, ಚೈನ್‌ರಿಂಗಿನ ಹಲ್ಲು ಮಾಡಬೇಕಾದ ಕೆಲಸವೇ ತಲೆಕೆಳಗಾಗಿರುವುದನ್ನೂ ಗಮನಿಸಿದಾಗ, ಈ ಬದಲಾವಣೆಯನ್ನು ಮರಳುವಿಕೆ ಎನ್ನುವುದಕ್ಕಿಂತ ಹೊಸ ರಚನೆ ಎನ್ನುವುದೇ ಸರಿ.

ಚೈನ್‌ರಿಂಗಿನ ಹಲ್ಲುಗಳ ಸಂಖ್ಯೆಯನ್ನು ಹಿಂದಿನ ಹಲ್ಲುಚಕ್ರದ, ಅಂದರೆ ಸ್ಪ್ರಾಕೆಟ್ಟಿನ, ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಗೇರ್ ಅನುಪಾತ. ಪೆಡಲು ಒಂದು ಸುತ್ತು ತಿರುಗುವಾಗ ಹಿಂದಿನ ಚಕ್ರ ಎಷ್ಟು ಸುತ್ತು ತಿರುಗುತ್ತದೆ ಎಂಬುದನ್ನು ಅದು ಹೇಳುತ್ತದೆ. ಅನುಪಾತ ಕಡಿಮೆಯಾದಷ್ಟೂ ಏರು ಹತ್ತುವುದು ಹಗುರ, ಹೆಚ್ಚಾದಷ್ಟೂ ಇಳಿಜಾರಿನಲ್ಲಿ ವೇಗ ಹೆಚ್ಚು. ಚೈನನ್ನು ಪಕ್ಕಕ್ಕೆ ತಳ್ಳಿ ಒಂದು ಹಲ್ಲುಚಕ್ರದಿಂದ ಮತ್ತೊಂದಕ್ಕೆ ದಾಟಿಸುವ ಸಾಧನ ಡಿರೇಲರ್. ಫ್ರಾನ್ಸಿನ ಸೇಂತ್ ಎತಿಯೆನ್ ಪಟ್ಟಣದ ಪೌಲ್ ದ ವಿವಿಯಂಥವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಹಲವು ಗೇರುಗಳ ಪರವಾಗಿ ವಾದಿಸಿದ್ದರೂ, ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ಡಿರೇಲರಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ.

ಮೌಂಟನ್ ಬೈಕಿನ ಕಥೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮರಿನ್ ಕೌಂಟಿಯಲ್ಲಿ, ಟ್ಯಾಮಲ್ಪಾಯಸ್ ಬೆಟ್ಟದ ಸುತ್ತಮುತ್ತ ಆರಂಭವಾಗುತ್ತದೆ. 1970ರ ದಶಕದಲ್ಲಿ ಅಲ್ಲಿನ ತರುಣರು ಶ್ವಿನ್ ಕಂಪನಿಯ ಎಕ್ಸೆಲ್ಸಿಯರ್‌ನಂಥ ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಮಣ್ಣಿನ ದಾರಿಯಲ್ಲಿ ಇಳಿಸುತ್ತಿದ್ದರು. 1976ರ ಅಕ್ಟೋಬರ್ 21ರಂದು ಅಲ್ಲಿ ಮೊದಲ ಬಾರಿಗೆ ನಡೆದ ರೀಪ್ಯಾಕ್ ಎಂಬ ಇಳಿಜಾರಿನ ಪಂದ್ಯಕ್ಕೆ ಆ ಹೆಸರು ಬಂದ ಬಗೆಯೇ ಆ ಸೈಕಲ್ಲುಗಳ ಸ್ವರೂಪವನ್ನು ತಿಳಿಸುತ್ತದೆ: ಪೆಡಲನ್ನು ಹಿಂದಕ್ಕೆ ತುಳಿದಾಗ ಹಿಡಿಯುವ ಬ್ರೇಕು ಹಿಂದಿನ ಹಬ್ಬಿನೊಳಗೇ ಇದ್ದುದರಿಂದ, ಒಮ್ಮೆ ಬೆಟ್ಟ ಇಳಿಯುವಷ್ಟರಲ್ಲಿ ಅದರ ಗ್ರೀಸು ಕಾದು ಸುಟ್ಟುಹೋಗಿ, ಹಬ್ಬನ್ನು ಬಿಚ್ಚಿ ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು. ಈ ಸೈಕಲ್ಲುಗಳಲ್ಲಿ ಇದ್ದದ್ದೂ ಒಂದೇ ಚೈನ್‌ರಿಂಗ್. ಆದರೆ ಇವು ಇಳಿಯುವುದಕ್ಕೆ ಮಾತ್ರ ಆಗುತ್ತಿದ್ದವು. ಬೆಟ್ಟದ ತುದಿಗೆ ಅವನ್ನು ತಳ್ಳಿಕೊಂಡೋ ವಾಹನದಲ್ಲಿ ಹೇರಿಕೊಂಡೋ ಹೋಗಬೇಕಿತ್ತು. ಗ್ಯಾರಿ ಫಿಶರ್ ಮೊದಲಾದವರು ಇವಕ್ಕೆ ಡಿರೇಲರುಗಳನ್ನೂ ಬಹುಚೈನ್‌ರಿಂಗ್ ಕ್ರ್ಯಾಂಕನ್ನೂ ಜೋಡಿಸಿದ್ದು ಇಳಿಯುವುದಕ್ಕಾಗಿ ಅಲ್ಲ, ಹತ್ತುವುದಕ್ಕಾಗಿ. ದೂರಪ್ರಯಾಣದ ಸೈಕಲ್ಲುಗಳಿಗಾಗಿ ಫ್ರಾನ್ಸಿನಲ್ಲಿ ತಯಾರಾಗುತ್ತಿದ್ದ ಮೂರು ಚೈನ್‌ರಿಂಗಿನ ಕ್ರ್ಯಾಂಕುಗಳು ಆ ಹೊತ್ತಿಗೆ ಕೈಗೆಟಕುವಂತಿದ್ದವು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿ ಮಾರುಕಟ್ಟೆಗೆ ತಂದ ಸ್ಟಂಪ್‌ಜಂಪರ್ ಮುಂದೆ ಮೂರು, ಹಿಂದೆ ಐದು ಹಲ್ಲುಚಕ್ರಗಳ 15 ಗೇರಿನ ಸೈಕಲ್ಲಾಗಿತ್ತು. ಮರುವರ್ಷ ಜಪಾನಿನ ಶಿಮಾನೊ ಕಂಪನಿ ಮೌಂಟನ್ ಬೈಕಿಗೆಂದೇ ಡಿಯೋರ್ ಎಕ್ಸ್‌ಟಿ ಬಿಡಿಭಾಗಗಳನ್ನು ಹೊರತಂದ ಮೇಲೆ ಮೂರು ಚೈನ್‌ರಿಂಗ್ ಪ್ರಶ್ನಾತೀತವಾಯಿತು.

ಮೂರು ಚೈನ್‌ರಿಂಗಿನ ಲೆಕ್ಕಾಚಾರವನ್ನು ತುಸು ಹತ್ತಿರದಿಂದ ನೋಡಬೇಕು. ಈ ಶತಮಾನದ ಮೊದಲ ದಶಕದಲ್ಲಿ ಬಹಳ ಬಳಕೆಯಲ್ಲಿದ್ದ ಜೋಡಣೆಯಲ್ಲಿ ಮುಂದೆ 22, 32 ಮತ್ತು 44 ಹಲ್ಲುಗಳು, ಹಿಂದೆ 11ರಿಂದ 34 ಹಲ್ಲುಗಳವರೆಗಿನ ಒಂಬತ್ತು ಸ್ಪ್ರಾಕೆಟ್ಟುಗಳ ಗುಚ್ಛ, ಅಂದರೆ ಕ್ಯಾಸೆಟ್, ಇರುತ್ತಿದ್ದವು. ಹೆಸರಿಗೆ 27 ಗೇರುಗಳು. ಆದರೆ 44 ಎಂಬುದು 22ರ ಎರಡರಷ್ಟಾದ್ದರಿಂದ, 22ಕ್ಕೆ 17ರ ಜೋಡಿಯೂ 44ಕ್ಕೆ 34ರ ಜೋಡಿಯೂ ಕೊಡುವ ಅನುಪಾತ ಒಂದೇ, 1.29, ಹಾಗೆಯೇ 22ಕ್ಕೆ 15 ಮತ್ತು 44ಕ್ಕೆ 30, 22ಕ್ಕೆ 13 ಮತ್ತು 44ಕ್ಕೆ 26. ಉಳಿದ ಎಷ್ಟೋ ಜೋಡಿಗಳು ಒಂದರ ಮೇಲೊಂದು ಬೀಳುವಷ್ಟು ಹತ್ತಿರವಿದ್ದವು. ಇದರ ಮೇಲೆ, ಒಳಗಿನ ಚೈನ್‌ರಿಂಗಿನಿಂದ ಹೊರಗಿನ ಸ್ಪ್ರಾಕೆಟ್ಟಿಗೆ ಚೈನು ತೀರ ಓರೆಯಾಗಿ ಓಡುವ ಜೋಡಿಗಳನ್ನು ಸವಾರ ತಾನಾಗಿಯೇ ಬಿಡಬೇಕಿತ್ತು. ಹಾಗಾಗಿ 27 ಎಂಬ ಸಂಖ್ಯೆ ಬಳಕೆಯ ಮಟ್ಟಿಗೆ ಅದರ ಅರ್ಧದಷ್ಟಕ್ಕೆ ಇಳಿಯುತ್ತಿತ್ತು. ಆದರೂ ಆ ಜೋಡಣೆಯ ವಿಸ್ತಾರವನ್ನು ಕಡೆಗಣಿಸುವಂತಿಲ್ಲ: ಕನಿಷ್ಠ ಅನುಪಾತ 0.647, ಗರಿಷ್ಠ 4. ಗರಿಷ್ಠವು ಕನಿಷ್ಠದ ಶೇಕಡಾ 618ರಷ್ಟು. ಇಷ್ಟು ವಿಸ್ತಾರವನ್ನು ಬೇರೆ ದಾರಿಯಲ್ಲಿ ಪಡೆಯಲು ಸಾಧ್ಯವಾಗದಿದ್ದುದೇ ಮೂರು ಚೈನ್‌ರಿಂಗುಗಳು ಅಷ್ಟು ಕಾಲ ಬಾಳಲು ಕಾರಣ.

ಅವುಗಳ ಕಾಟವೂ ಸಣ್ಣದಾಗಿರಲಿಲ್ಲ. ಕೆಸರಿನಲ್ಲಿ ಚೈನು ಚಿಕ್ಕ ಚೈನ್‌ರಿಂಗಿನ ತಳಭಾಗದ ಹಲ್ಲುಗಳನ್ನು ಬಿಡದೆ, ಅವುಗಳೊಡನೆಯೇ ಮೇಲಕ್ಕೆ ಎಳೆಯಲ್ಪಟ್ಟು, ಚೈನ್‌ರಿಂಗಿಗೂ ಚೌಕಟ್ಟಿಗೂ ನಡುವೆ ಸಿಕ್ಕಿಬಿದ್ದು ಚೌಕಟ್ಟನ್ನೇ ಕೆರೆಯುತ್ತಿತ್ತು. ಒರಟು ಇಳಿಜಾರಿನಲ್ಲಿ ಚೈನು ಚಾಟಿಯಂತೆ ಬಡಿದಾಡಿ ಕಳಚಿ ಬೀಳುತ್ತಿತ್ತು. ಹೀಗೆ ಕಳಚುವುದಕ್ಕೆ ಮೂಲ ಕಾರಣ ಹಲ್ಲಿನ ವಿನ್ಯಾಸದಲ್ಲಿಯೇ ಇತ್ತು. ಹಲವು ಚೈನ್‌ರಿಂಗುಗಳ ವ್ಯವಸ್ಥೆಯಲ್ಲಿ ಚೈನು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕಾದ್ದರಿಂದ, ಹಲ್ಲುಗಳನ್ನು ಗಿಡ್ಡವಾಗಿ, ತೆಳ್ಳಗೆ, ಅಲ್ಲಲ್ಲಿ ಮೊಟಕುಗೊಳಿಸಿ ಮಾಡಲಾಗುತ್ತಿತ್ತು. ಅಂದರೆ ಅವು ಚೈನನ್ನು ಸುಲಭವಾಗಿ ಬಿಟ್ಟುಕೊಡಲೆಂದೇ ಕಡೆದ ಹಲ್ಲುಗಳು.

ಈ ಇಕ್ಕಟ್ಟಿನಿಂದ ಮೊದಲು ಹೊರಬಂದವರು ಇಳಿಜಾರು ಪಂದ್ಯದ ಸವಾರರು. 1990ರಲ್ಲಿ ಅಮೆರಿಕದ ಡುರಾಂಗೊದಲ್ಲಿ ಮೊದಲ ಅಧಿಕೃತ ಮೌಂಟನ್ ಬೈಕ್ ವಿಶ್ವ ಚಾಂಪಿಯನ್‌ಶಿಪ್ ನಡೆದ ಮೇಲೆ ಬೆಳೆದ ಈ ವಿಭಾಗದಲ್ಲಿ ಹತ್ತುವ ಪ್ರಶ್ನೆಯೇ ಇಲ್ಲದ್ದರಿಂದ, ದೊಡ್ಡದೊಂದು ಚೈನ್‌ರಿಂಗ್ ಇಟ್ಟುಕೊಂಡು, ಚೈನು ಕಳಚದಂತೆ ಮೇಲೊಂದು ಕೆಳಗೊಂದು ಕಾವಲು ಪಟ್ಟಿ ಅಥವಾ ಉರುಳೆಯುಳ್ಳ ಚೈನ್ ಗೈಡ್ ಎಂಬ ಸಾಧನವನ್ನು ಅಳವಡಿಸುವುದು ರೂಢಿಯಾಯಿತು. ಅದರಿಂದ ಚೈನಿಗೆ ಉಜ್ಜಾಟವೂ ಸದ್ದೂ ತೂಕವೂ ಹೆಚ್ಚುತ್ತಿದ್ದುದರಿಂದ ಹತ್ತುವ ಸವಾರರಿಗೆ ಅದು ರುಚಿಸಲಿಲ್ಲ. ಈ ನಡುವೆ ಹಿಂದಿನ ಸ್ಪ್ರಾಕೆಟ್ಟುಗಳ ಸಂಖ್ಯೆ ಹತ್ತಕ್ಕೇರಿತ್ತು; 2009ರಲ್ಲಿ ಅಮೆರಿಕದ ಸ್ರಾಮ್ ಕಂಪನಿಯ ಎಕ್ಸ್‌ಎಕ್ಸ್ ಬಿಡಿಭಾಗಗಳೊಂದಿಗೆ ಮುಂದಿನ ಮೂರು ಎರಡಾದವು.

2012ರಲ್ಲಿ ಅದೇ ಕಂಪನಿ ಪ್ರಕಟಿಸಿದ ಎಕ್ಸ್‌ಎಕ್ಸ್1 ಈ ಚರಿತ್ರೆಯ ತಿರುವು. ಮುಂದೆ ಒಂದೇ ಚೈನ್‌ರಿಂಗ್, ಹಿಂದೆ 10ರಿಂದ 42 ಹಲ್ಲುಗಳವರೆಗಿನ ಹನ್ನೊಂದು ಸ್ಪ್ರಾಕೆಟ್ಟುಗಳು. ಇದರ ಹಿಂದೆ ನಾಲ್ಕು ಬೇರೆ ಬೇರೆ ಪರಿಹಾರಗಳು ಒಟ್ಟುಗೂಡಿದ್ದವು. ಕ್ಯಾಸೆಟ್ ಕೂರುವ ಹಳೆಯ ಹಬ್ಬಿನ ತಿರುಳಿನ ಮೇಲೆ 11ಕ್ಕಿಂತ ಕಡಿಮೆ ಹಲ್ಲಿನ ಸ್ಪ್ರಾಕೆಟ್ ಹಿಡಿಸುತ್ತಿರಲಿಲ್ಲವಾದ್ದರಿಂದ ಎಕ್ಸ್‌ಡಿ ಎಂಬ ಹೊಸ ತಿರುಳನ್ನು ರೂಪಿಸಬೇಕಾಯಿತು. ಚೈನು ಬಡಿದಾಡದಂತೆ ಡಿರೇಲರಿನ ಕೀಲಿನೊಳಗೆ ಒಂದೇ ದಿಕ್ಕಿನಲ್ಲಿ ಬಿಗಿ ಹಿಡಿಯುವ ಕ್ಲಚ್ಚನ್ನು ಇಡಲಾಯಿತು. ಶಿಮಾನೊ ಇದನ್ನು 2011ರಲ್ಲಿಯೇ ತನ್ನ ಎಕ್ಸ್‌ಟಿಆರ್ ಡಿರೇಲರಿನಲ್ಲಿ ತೋರಿಸಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಮೂರನೆಯದು ಡಿರೇಲರಿನ ಚಲನೆಗೆ ಸಂಬಂಧಿಸಿದ್ದು: 1964ರಲ್ಲಿ ಜಪಾನಿನ ಸನ್‌ಟೂರ್ ಕಂಪನಿ ರೂಪಿಸಿದ ಓರೆ ಚತುರ್ಭುಜದ ಡಿರೇಲರ್ ಕ್ಯಾಸೆಟ್ಟಿನ ಇಳಿಜಾರನ್ನು ಅನುಸರಿಸಿ ಚಲಿಸುತ್ತಿತ್ತು; ಮುಂದೆ ಚೈನು ಸ್ಥಳ ಬದಲಿಸದೇ ಇರುವಾಗ ಡಿರೇಲರ್ ನೇರ ಅಡ್ಡಲಾಗಿ ಚಲಿಸಿದರೆ ಸಾಕಾಗುವುದರಿಂದ, ಸೈಕಲ್ ಕುಲುಕಿದಾಗ ಗೇರು ತಾನಾಗಿ ಬದಲಾಗುವ ದೋಷವೂ ತಗ್ಗಿತು.

ನಾಲ್ಕನೆಯದೇ ಚೈನ್‌ರಿಂಗಿನ ಹಲ್ಲು. ಸೈಕಲ್ ಚೈನಿನಲ್ಲಿ ಹೊರಫಲಕಗಳ ಕೊಂಡಿಯ ಒಳಗಿನ ಜಾಗ ಅಗಲ, ಒಳಫಲಕಗಳ ಕೊಂಡಿಯದು ಕಿರಿದು, ಇವು ಒಂದು ಬಿಟ್ಟು ಒಂದು ಬರುತ್ತವೆ. ಅಲ್ಲಿಯವರೆಗೆ ಹಲ್ಲುಗಳೆಲ್ಲ ಒಂದೇ ದಪ್ಪವಾಗಿದ್ದು, ಕಿರಿದಾದ ಕೊಂಡಿಗೆ ಹೊಂದುವಂತಿದ್ದುದರಿಂದ ಅಗಲದ ಕೊಂಡಿಯಲ್ಲಿ ಪಕ್ಕಕ್ಕೆ ಸಡಿಲು ಉಳಿಯುತ್ತಿತ್ತು. ಹೊಸ ಚೈನ್‌ರಿಂಗಿನಲ್ಲಿ ದಪ್ಪ ಹಲ್ಲು, ತೆಳು ಹಲ್ಲು ಸರದಿಯಂತೆ ಬಂದು, ಎರಡೂ ಬಗೆಯ ಕೊಂಡಿಗಳನ್ನು ತುಂಬಿ, ಹಲ್ಲೇ ಚೈನನ್ನು ಹಿಡಿದಿಡುವಂತಾಯಿತು. ಹಲ್ಲುಗಳ ಸಂಖ್ಯೆ ಸಮಸಂಖ್ಯೆಯಾಗಿರಲೇಬೇಕೆಂಬ ನಿಯಮ ಇದರಿಂದಲೇ ಬರುತ್ತದೆ. ಬಿಟ್ಟುಕೊಡುವ ಹಲ್ಲು ಹಿಡಿದುಕೊಳ್ಳುವ ಹಲ್ಲಾದ ಈ ಘಟ್ಟದಲ್ಲಿ ಚೈನ್ ಗೈಡಿನ ಅಗತ್ಯವೇ ಬಹುಮಟ್ಟಿಗೆ ತೀರಿತು.

ಕಲ್ಪನೆ ಪೂರ್ತಿ ಹೊಸದೇನೂ ಆಗಿರಲಿಲ್ಲ. ದಪ್ಪ-ತೆಳು ಹಲ್ಲುಗಳ ಸರದಿಯನ್ನು 1970ರ ದಶಕದಲ್ಲಿಯೇ ಅಮೆರಿಕದ ಕೃಷಿಯಂತ್ರ ತಯಾರಕರು ಪೇಟೆಂಟ್ ದಾಖಲೆಯಲ್ಲಿ ವಿವರಿಸಿದ್ದರು. ಹೊರಕೊಂಡಿಗೆ ತಕ್ಕಂತೆ ಹಲ್ಲನ್ನು ಅಗಲಿಸುವ ಸೈಕಲ್ ಚೈನ್‌ರಿಂಗಿನ ವಿವರಣೆ ಜಪಾನಿನ ಹಳೆಯ ದಾಖಲೆಯೊಂದರಲ್ಲಿತ್ತು. ಇವೇ ಮುಂದೆ ಸ್ರಾಮ್ ಮತ್ತು ಫಾಕ್ಸ್ ಫ್ಯಾಕ್ಟರಿ ಕಂಪನಿಗಳ ನಡುವಿನ ಪೇಟೆಂಟ್ ವ್ಯಾಜ್ಯದಲ್ಲಿ ಚರ್ಚೆಗೆ ಬಂದಂಥ ಪ್ರಶ್ನೆಗಳು. 2019ರ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯ ಸ್ರಾಮ್‌ನ ಒಂದು ಪೇಟೆಂಟಿನ ಪರವಾಗಿದ್ದ ನಿರ್ಣಯವನ್ನು ರದ್ದುಗೊಳಿಸಿ ಮರುಪರಿಶೀಲನೆಗೆ ಕಳಿಸಿತು. ಉತ್ಪನ್ನದ ಮಾರುಕಟ್ಟೆ ಯಶಸ್ಸಿಗೆ ಆ ಪೇಟೆಂಟಿನಲ್ಲಿ ಹೇಳಿದ ಅಂಶವೇ ಕಾರಣವೆಂದು ಮೊದಲೇ ಭಾವಿಸಿಕೊಳ್ಳುವಂತಿಲ್ಲ ಎಂಬುದು ಅದರ ತರ್ಕ. ಆದರೆ ಹಲ್ಲಿನ ನಡುಭಾಗ ಕೊಂಡಿಯ ಜಾಗದ ಶೇಕಡಾ 80ಕ್ಕಿಂತ ಹೆಚ್ಚನ್ನು ತುಂಬಬೇಕೆಂಬ ಇನ್ನೊಂದು ಪೇಟೆಂಟನ್ನು ಅದೇ ನ್ಯಾಯಾಲಯ 2020ರಲ್ಲಿ ಎತ್ತಿಹಿಡಿಯಿತು. ಕಲ್ಪನೆ ಎಷ್ಟು ಹಳೆಯದಾದರೂ ಅದನ್ನು ಕೆಲಸಕ್ಕೆ ಬರುವಂತೆ ಮಾಡಿದ ಅಳತೆಗೆ ಬೆಲೆಯಿದೆ ಎಂಬ ಈ ವಿಂಗಡಣೆ ತಂತ್ರಜ್ಞಾನದ ಚರಿತ್ರೆ ಬರೆಯುವವರಿಗೂ ಒಪ್ಪುವಂಥದ್ದು.

ಎಕ್ಸ್‌ಎಕ್ಸ್1ರ ಬೆಲೆ ಬಹಳ ಹೆಚ್ಚಾಗಿತ್ತು. ಕೆನಡಾದ ಒನ್‌ಅಪ್, ಅಮೆರಿಕದ ವುಲ್ಫ್ ಟೂತ್ ಮೊದಲಾದ ಚಿಕ್ಕ ಕಂಪನಿಗಳು ಹಳೆಯ ಹತ್ತು ಸ್ಪ್ರಾಕೆಟ್ಟುಗಳ ಕ್ಯಾಸೆಟ್ಟಿಗೆ ಸೇರಿಸಬಹುದಾದ 40 ಅಥವಾ 42 ಹಲ್ಲಿನ ಬಿಡಿ ಸ್ಪ್ರಾಕೆಟ್ಟುಗಳನ್ನು ಮಾರತೊಡಗಿದಾಗ ಸಾಮಾನ್ಯ ಸವಾರರೂ ಒಂದೇ ಚೈನ್‌ರಿಂಗಿಗೆ ಬಂದರು. ಆದರೂ ಕಡಿದಾದ ಏರಿನಲ್ಲಿ ಕೊರತೆ ಉಳಿದೇ ಇತ್ತು: 32 ಹಲ್ಲಿನ ಚೈನ್‌ರಿಂಗಿಗೆ 42 ಹಲ್ಲಿನ ಸ್ಪ್ರಾಕೆಟ್ ಜೋಡಿಸಿದರೆ ಅನುಪಾತ 0.76, ಹಳೆಯ ಮೂರರ ವ್ಯವಸ್ಥೆಗಿಂತ ಭಾರ. 2016ರಲ್ಲಿ ಬಂದ ಈಗಲ್ ಎಂಬ ಹನ್ನೆರಡು ಸ್ಪ್ರಾಕೆಟ್ಟುಗಳ ಕ್ಯಾಸೆಟ್ಟಿನ ದೊಡ್ಡ ಸ್ಪ್ರಾಕೆಟ್ 50 ಹಲ್ಲಿನದಾಗಿ, 32ರೊಡನೆ 0.64 ಅನುಪಾತ ಕೊಟ್ಟಾಗ ಆ ಕೊರತೆ ತುಂಬಿತು. ಅದೇ ವರ್ಷ ರಿಯೊ ಒಲಿಂಪಿಕ್ಸಿನಲ್ಲಿ ಸ್ವಿಟ್ಜರ್ಲೆಂಡಿನ ನಿನೊ ಶುರ್ಟರ್ ಈಗಲ್ ಅಳವಡಿಸಿದ ಸೈಕಲ್ಲಿನಲ್ಲಿ ಚಿನ್ನ ಗೆದ್ದರು. 2018ರಲ್ಲಿ ಶಿಮಾನೊ 10ರಿಂದ 51 ಹಲ್ಲುಗಳ ಎಕ್ಸ್‌ಟಿಆರ್ ತಂದಾಗಲೂ ಎರಡು ಚೈನ್‌ರಿಂಗಿನ ಆಯ್ಕೆಯನ್ನು ಉಳಿಸಿಕೊಂಡಿತ್ತು, ಆದರೆ ಅದನ್ನು ಬಯಸಿದವರು ವಿರಳ.

ಚೌಕಟ್ಟಿನ ವಿನ್ಯಾಸಕರಿಗೆ ಇದರಿಂದ ಸಿಕ್ಕ ಬಿಡುವು ಗೇರುಗಳ ಲಾಭಕ್ಕಿಂತ ಕಡಿಮೆಯದಲ್ಲ. ಮುಂದಿನ ಡಿರೇಲರ್ ಹೋದದ್ದರಿಂದ 29 ಇಂಚಿನ ದೊಡ್ಡ ಚಕ್ರಕ್ಕೂ ಅಗಲ ಟೈರಿಗೂ ಜಾಗವಾಯಿತು. ಹಿಂದಿನ ಸಸ್ಪೆನ್ಷನ್ ಚೈನಿನ ಎಳೆತಕ್ಕೆ ಹೇಗೆ ಸ್ಪಂದಿಸಬೇಕೆಂಬುದನ್ನು ಮೂರು ಬೇರೆ ಬೇರೆ ಗಾತ್ರಗಳಿಗೆ ರಾಜಿ ಮಾಡಿಕೊಳ್ಳದೆ ಒಂದೇ ಗಾತ್ರಕ್ಕೆ ನಿರ್ಧರಿಸಬಹುದಾಯಿತು. ಹ್ಯಾಂಡಲಿನ ಎಡಬದಿಯ ಗೇರು ಸನ್ನೆಯ ಜಾಗಕ್ಕೆ ಓಡುತ್ತಲೇ ಸೀಟನ್ನು ಏರಿಳಿಸುವ ಸನ್ನೆ ಬಂತು.

ನಷ್ಟವನ್ನೂ ತೂಗಬೇಕು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೇಮ್ಸ್ ಸ್ಪೈಸರ್ ಮತ್ತು ಸಂಗಡಿಗರು 2000ದ ಸುಮಾರಿಗೆ ನಡೆಸಿದ ಪ್ರಯೋಗಗಳಲ್ಲಿ ಚೈನಿನ ದಕ್ಷತೆ ಶೇಕಡಾ 98.6ರವರೆಗೆ ಹೋದದ್ದೂ, ದೊಡ್ಡ ಹಲ್ಲುಚಕ್ರಗಳಲ್ಲಿ ನಷ್ಟ ಕಡಿಮೆಯೆಂಬುದೂ ಕಂಡುಬಂದಿತ್ತು. 10 ಹಲ್ಲಿನ ಸ್ಪ್ರಾಕೆಟ್ಟಿನಲ್ಲಿ ಪ್ರತಿ ಕೊಂಡಿಯೂ ಹೆಚ್ಚು ಬಾಗಬೇಕಾದ್ದರಿಂದ ಈ ಮಾತು ಒಂದೇ ಚೈನ್‌ರಿಂಗಿನ ವ್ಯವಸ್ಥೆಗೆ ನೇರವಾಗಿ ಅನ್ವಯಿಸುತ್ತದೆ. ಗೇರಿನಿಂದ ಗೇರಿಗೆ ಜಿಗಿತವೂ ದೊಡ್ಡದು: 42ರಿಂದ 50ಕ್ಕೆ ಶೇಕಡಾ 19. ಎಲ್ಲಕ್ಕಿಂತ ಮುಖ್ಯವಾದದ್ದು, ಹನ್ನೆರಡು ಸ್ಪ್ರಾಕೆಟ್ಟುಗಳ ಸೂಕ್ಷ್ಮ ಕ್ಯಾಸೆಟ್ ಸವೆದರೆ ಬದಲಿಸುವ ಖರ್ಚು. ಭಾರತದ ಅಂಗಡಿಗಳಲ್ಲಿ ಕಡಿಮೆ ಬೆಲೆಯ ಗೇರ್ ಸೈಕಲ್ಲುಗಳು ಇಂದಿಗೂ ಮುಂದೆ ಮೂರು, ಹಿಂದೆ ಏಳು ಎಂಬ 21 ಗೇರಿನ ಜೋಡಣೆಯಲ್ಲಿಯೇ ಮಾರಾಟವಾಗುತ್ತಿರುವುದಕ್ಕೆ ದೊಡ್ಡ ಸಂಖ್ಯೆಯ ಆಕರ್ಷಣೆಯೊಂದೇ ಕಾರಣವಲ್ಲ. ಅದರ ಉಕ್ಕಿನ ಫ್ರೀವೀಲ್ ಅಗ್ಗ, ಅಗಲವಾದ ಚೈನು ಗಟ್ಟಿ, ಯಾವ ಊರಿನ ಸೈಕಲ್ ಅಂಗಡಿಯಲ್ಲಾದರೂ ಅದನ್ನು ಬಿಚ್ಚಿ ಕೂರಿಸಿಕೊಡುತ್ತಾರೆ.