ಅಂಜನಾಪುರ ಮೆಟ್ರೊ: ಗಾಜಿನೆಳೆಯಲ್ಲಿ ದೂರನಿಯಂತ್ರಣ

ಬೆಂಗಳೂರು: ಯಲಚೇನಹಳ್ಳಿ-ರೇಷ್ಮೆ ಸಂಸ್ಥೆ ನಡುವಣ ನಮ್ಮ ಮೆಟ್ರೊ ಹಸಿರು ಮಾರ್ಗ 2021ರ ಜನವರಿ 14ರಂದು ಉದ್ಘಾಟನೆಗೊಂಡಿತು. ಕೊನೆಯ ನಿಲ್ದಾಣಕ್ಕೆ ಮೊದಲಿದ್ದ ಹೆಸರು ಅಂಜನಾಪುರ. ಇಲ್ಲಿನ ಸಂಚಾರದ ಮೇಲೆ ನಿಗಾ ಇಡುವ ಕಾರ್ಯಾಚರಣೆ ನಿಯಂತ್ರಣ ಕೇಂದ್ರವಿರುವುದು ಮಾತ್ರ ದೂರದ ಬೈಯಪ್ಪನಹಳ್ಳಿಯಲ್ಲಿ.

ಇಂತಹ ದೂರನಿಯಂತ್ರಣದ ಜೀವಾಳ ಆಪ್ಟಿಕಲ್ ಫೈಬರ್. ಏಕಮೋಡ್ ತಂತುವಿನಲ್ಲಿ 1310 ನ್ಯಾನೊಮೀಟರ್ ಬೆಳಕು ಪ್ರತಿ ಕಿ.ಮೀ.ಗೆ ಸುಮಾರು 0.35 ಡೆಸಿಬಲ್ ಕ್ಷೀಣಿಸುತ್ತದೆ. ಅಷ್ಟು ದೂರ ಕ್ರಮಿಸಲು ಹೆಚ್ಚುಕಡಿಮೆ 5 ಮೈಕ್ರೊಸೆಕೆಂಡ್ ಸಾಕು. ಆದ್ದರಿಂದ ಮೌಸ್ ತಡವರಿಸಿದರೆ ದೂಷಿಸಬೇಕಾದ್ದು ದೂರವನ್ನಲ್ಲ. ಬಹುಮಟ್ಟಿಗೆ ಚಿತ್ರವನ್ನು ಕುಗ್ಗಿಸಿ ಕಳುಹಿಸುವ ಉಪಕರಣವನ್ನು.

ಅಳವಡಿಕೆಯಲ್ಲಿ ಮೊದಲ ಶತ್ರು ಧೂಳು. ಕನೆಕ್ಟರ್ ತುದಿಯನ್ನು ಶುಚಿಗೊಳಿಸಿ, ಬೆಳಕಿನ ಮಿಡಿತ ಹಾಯಿಸಿ, ದೋಷವಿರುವ ಬೆಸುಗೆ ಎಷ್ಟು ಮೀಟರ್ ದೂರದಲ್ಲಿದೆ ಎಂದು ಪತ್ತೆ ಹಚ್ಚಲಾಗುತ್ತದೆ. ನಿಜವಾದ ಪರೀಕ್ಷೆ ಬಳಿಕದ್ದು: ಒಂದು ಕೇಬಲನ್ನು ಬೇಕೆಂದೇ ಕಳಚಿದಾಗ ಸಂಪರ್ಕ ಪರ್ಯಾಯ ಹಾದಿಗೆ ತಾನಾಗಿ ಹೊರಳಬೇಕು. ಹೊರಳದಿದ್ದರೆ ನಿಯಂತ್ರಕರ ಪರದೆ ಕುರುಡಾಗುತ್ತದೆ.